ಏಡ್ರಿಯಾಟಿಕ್‌ನ ಕಾದಾಡುವ ದೋಣಿಗಳು

ಯುದ್ಧವಿಮಾನಗಳ ಚರಿತ್ರೆ ಬರೆಯುವವರು ಕಾದಾಡುವ ಹಾರುದೋಣಿಗೆ ಅರ್ಧ ಪುಟ ಕೊಟ್ಟರೆ ಅದೇ ಹೆಚ್ಚು. ನೀರಿನಲ್ಲಿ ತೇಲಿ, ನೀರಿನಿಂದಲೇ ಮೇಲೆದ್ದು, ಆಕಾಶದಲ್ಲಿ ಶತ್ರುವಿಮಾನದ ಬೆನ್ನುಹತ್ತಿ ಗುಂಡು ಹಾರಿಸುವ ಯಂತ್ರ ಎಂದರೆ ಈಗಿನ ಓದುಗನಿಗೆ ಅದೊಂದು ವಿಚಿತ್ರ ಪ್ರಯೋಗವಾಗಿ ಕಾಣುತ್ತದೆ. ಹಯಾವೊ ಮಿಯಾಜಾಕಿಯವರ 1992ರ ಚಿತ್ರ ‘ಪೊರ್ಕೊ ರೊಸ್ಸೊ’ ನೋಡಿದವರಿಗೆ ಅದು ಕೆಂಪು ಬಣ್ಣದ ಕನಸು. ನಿಜಸಂಗತಿ ಇವೆರಡಕ್ಕಿಂತ ಬೇರೆ. 1915ರಿಂದ 1918ರವರೆಗೆ ಏಡ್ರಿಯಾಟಿಕ್ ಸಮುದ್ರದ ಎರಡೂ ದಡಗಳಲ್ಲಿ ಈ ಜಾತಿಯ ವಿಮಾನಗಳು ದಿನಬೆಳಗಾದರೆ ಕಾವಲು ತಿರುಗಿದವು, ಹಡಗುಗಳನ್ನು ಕಾದವು, ಒಂದನ್ನೊಂದು ಹೊಡೆದುರುಳಿಸಿದವು. ಇಟಲಿಯ ಮಾಕ್ಕಿ ಎಂ.5 ಮಾದರಿಯೊಂದೇ 240ರಷ್ಟು ತಯಾರಾಯಿತು. ಪ್ರಯೋಗ ಮಾಡಿ ನೋಡುವುದಕ್ಕೆ ಯಾರೂ 240 ವಿಮಾನ ಕಟ್ಟುವುದಿಲ್ಲ.

ಆ ಯಂತ್ರ ಹುಟ್ಟಿ ನೂರು ವರ್ಷ ದಾಟಿದೆ. ಅದರ ಜಮಾ-ಖರ್ಚನ್ನು ಇನ್ನೊಮ್ಮೆ ತೆರೆದು ನೋಡುವುದಾದರೆ ಎಂಜಿನ್ನಿನ ಅಶ್ವಶಕ್ತಿಯಿಂದಲೋ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದರಿಂದಲೋ ಶುರುಮಾಡಬಾರದು. ಸಮುದ್ರದಿಂದ ಶುರುಮಾಡಬೇಕು.

ಏಡ್ರಿಯಾಟಿಕ್ ಉದ್ದಕ್ಕೆ ಸುಮಾರು 800 ಕಿಲೋಮೀಟರ್, ಅಗಲಕ್ಕೆ ಹೆಚ್ಚೆಂದರೆ 200ರ ಆಸುಪಾಸು. ಮೊದಲ ಮಹಾಯುದ್ಧದ ಹೊತ್ತಿಗೆ ಪಶ್ಚಿಮದ ದಡ ಇಟಲಿಯದು, ಪೂರ್ವದ ದಡ ಬಹುಪಾಲು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ್ದು. ಉತ್ತರದ ತುದಿಯಲ್ಲಿ ವೆನಿಸ್ ಮತ್ತು ಟ್ರಿಯೆಸ್ಟ್ ಎದುರುಬದುರು. ಸ್ವಲ್ಪ ಕೆಳಗೆ ಪೋಲಾ, ಸಾಮ್ರಾಜ್ಯದ ಮುಖ್ಯ ನೌಕಾನೆಲೆ. ಇನ್ನೂ ದಕ್ಷಿಣಕ್ಕೆ ಬೆಟ್ಟಗಳ ನಡುವೆ ಅಡಗಿಕೊಂಡ ಕಟ್ಟಾರೊ ಕೊಲ್ಲಿ. ಪೂರ್ವದ ಕರಾವಳಿಯಲ್ಲಿ ಬಂಡೆ, ದ್ವೀಪ, ಕೊರಕಲು ಬಿಟ್ಟರೆ ವಿಮಾನ ಇಳಿಸುವಂಥ ಬಯಲು ಹುಡುಕಿದರೂ ಸಿಗುವುದು ಕಷ್ಟ. ದಂಡೆಯೊಳಗಿನ ನೀರು ಮಾತ್ರ ಶಾಂತ, ಬೇಕಾದಷ್ಟು ವಿಶಾಲ. ನೆಲವೇ ಇಲ್ಲದ ಕಡೆ ನೀರನ್ನೇ ನಿಲ್ದಾಣ ಮಾಡಿಕೊಳ್ಳುವುದು ಅಲ್ಲಿ ಶೋಕಿಯಾಗಿರಲಿಲ್ಲ, ಬೇರೆ ದಾರಿ ಇರಲಿಲ್ಲ. ಅಂದಿನ ಎಂಜಿನ್ನುಗಳ ಯೋಗ್ಯತೆಯನ್ನೂ ನೆನಪಿಡಬೇಕು. ಸಮುದ್ರದ ನಡುವೆ ಎಂಜಿನ್ ಕೈಕೊಡುವುದು ಮಾಮೂಲಿ ಸಂಗತಿ. ಚಕ್ರದ ವಿಮಾನದಲ್ಲಿ ಹಾಗಾದರೆ ಚಾಲಕನ ಕಥೆ ಮುಗಿದಂತೆ. ದೋಣಿಯ ಒಡಲಿದ್ದರೆ ಇಳಿದು, ತೇಲುತ್ತ, ಯಾರಾದರೂ ಬರುವವರೆಗೆ ಕಾಯಬಹುದು.

ಈ ವಿದ್ಯೆಯಲ್ಲಿ ಮೊದಲು ಮುಂದಿದ್ದವರು ಆಸ್ಟ್ರಿಯನ್ನರು. ವಿಯೆನ್ನಾದ ಲೋನರ್ ಕಂಪನಿ ಮೂಲತಃ ಸಾರೋಟು ಕಟ್ಟುವ ಮನೆತನದ್ದು. ಫರ್ಡಿನಾಂಡ್ ಪೋರ್ಷ ತರುಣನಾಗಿದ್ದಾಗ ವಿದ್ಯುತ್ ಕಾರು ಮಾಡಿಕೊಟ್ಟಿದ್ದು ಇದೇ ಕಂಪನಿಗೆ. ಮರವನ್ನು ಬಾಗಿಸಿ, ಬೆಸೆದು, ಹಗುರವಾಗಿ ಗಟ್ಟಿಯಾಗಿ ಕಟ್ಟುವ ಸಾರೋಟಿನವರ ಕೈಚಳಕ ಹಾರುದೋಣಿಗೆ ಹೇಳಿ ಮಾಡಿಸಿದಂತಿತ್ತು. ಲೋನರ್‌ನ ಎಲ್ ಮಾದರಿಯಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಿದ್ದರು. ಹಿಂದಕ್ಕೆ ಬಾಗಿದ ಉದ್ದನೆಯ ರೆಕ್ಕೆಗಳು, ತಲೆಯ ಮೇಲೆ ಎಂಜಿನ್, ಅದರ ಹಿಂದೆ ತಳ್ಳುವ ಪ್ರೊಪೆಲರ್. ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟಿದರೆ ದೊಡ್ಡದು. ಕಾದಾಡುವುದಕ್ಕೆ ಹುಟ್ಟಿದ ವಿಮಾನವಲ್ಲ, ನೋಡಿಬರುವುದಕ್ಕೆ ಹುಟ್ಟಿದ್ದು.

ಆದರೂ 1916ರ ಸೆಪ್ಟೆಂಬರ್ 15ರಂದು ಈ ನಿಧಾನದ ದೋಣಿಗಳು ಮಾಡಿದ ಕೆಲಸ ನೌಕಾಯುದ್ಧದ ಇತಿಹಾಸದಲ್ಲಿ ಉಳಿಯಿತು. ಕಟ್ಟಾರೊ ಬಳಿ ನೀರೊಳಗೆ ಸಾಗುತ್ತಿದ್ದ ಫ್ರೆಂಚ್ ಜಲಾಂತರ್ಗಾಮಿ ‘ಫುಕೋ’ವನ್ನು ಎಲ್.132 ಮತ್ತು ಎಲ್.135 ಎಂಬ ಎರಡು ಲೋನರ್‌ಗಳು ಮೇಲಿನಿಂದ ಕಂಡು ಬಾಂಬು ಹಾಕಿ ಮುಳುಗಿಸಿದವು. ನಡುಸಮುದ್ರದಲ್ಲಿ ವಿಮಾನದ ದಾಳಿಗೆ ಜಲಾಂತರ್ಗಾಮಿಯೊಂದು ಮುಳುಗಿದ್ದು ಅದೇ ಮೊದಲು. ಅದಕ್ಕಿಂತ ಮುಂದಿನ ಸಂಗತಿ ನಮಗೆ ದೊಡ್ಡದೆನಿಸುತ್ತದೆ. ಬಾಂಬು ಹಾಕಿದ ದೋಣಿಗಳೇ ಕೆಳಗಿಳಿದು ನೀರಿನಲ್ಲಿ ಒದ್ದಾಡುತ್ತಿದ್ದ ಶತ್ರುನಾವಿಕರಿಗೆ ಆಸರೆಯಾದವು. ಹಾಯಿದೋಣಿಯ ಪಕ್ಕಕ್ಕೆ ಜೋತುಬಿದ್ದಂತೆ ನಾವಿಕರು ವಿಮಾನಗಳನ್ನು ಹಿಡಿದುಕೊಂಡು ತೇಲಿದರು. ಟಾರ್ಪೀಡೊ ದೋಣಿ ಬಂದು ಎಲ್ಲರನ್ನೂ ಎತ್ತಿಕೊಂಡಿತು. ಇಪ್ಪತ್ತೊಂಬತ್ತು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಹಾರುದೋಣಿಯ ಲೆಕ್ಕ ಬರೆಯುವಾಗ ಹೊಡೆದುರುಳಿಸಿದ್ದೆಷ್ಟು ಎಂಬ ಕಾಲಂ ಒಂದೇ ಸಾಲದು ಎಂದು ನಾವು ಹೇಳುವುದು ಇದಕ್ಕೇ.

ಇಟಲಿ ಯುದ್ಧಕ್ಕಿಳಿದದ್ದು 1915ರ ಮೇ ಕೊನೆಯ ವಾರ. ಇಳಿದ ಮೊದಲ ದಿನವೇ ಆಸ್ಟ್ರಿಯಾದ ಹಡಗುಗಳು ಇಟಲಿಯ ಕರಾವಳಿಗೆ ಫಿರಂಗಿ ಹೊಡೆದವು, ಹಾರುದೋಣಿಗಳು ವೆನಿಸ್ ಮೇಲೆ ಬಾಂಬು ಹಾಕಿದವು. ತಡೆಯಲು ಇಟಲಿಯ ನೌಕಾಪಡೆಯ ಕೈಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆಗ ಒದಗಿದ್ದು ಅದೃಷ್ಟ. ಮೇ 27ರಂದು ರವೆನ್ನಾ ಹತ್ತಿರದ ಪೋರ್ಟೊ ಕೊರ್ಸಿನಿಯಲ್ಲಿ ಎಲ್.40 ಎಂಬ ಲೋನರ್ ಹಾರುದೋಣಿ ಮುಕ್ಕಾಗದೆ ಸಿಕ್ಕಿಬಿತ್ತು. ಅದನ್ನು ವರೇಸೆಯ ನ್ಯೂಪೋರ್-ಮಾಕ್ಕಿ ಕಾರ್ಖಾನೆಗೆ ಸಾಗಿಸಿ, ಇದರಂತೆಯೇ ಒಂದು ಮಾಡಿಕೊಡಿ ಎಂದರು. ವಿಚಿತ್ರವೆಂದರೆ ಮಾಕ್ಕಿ ಮನೆತನವೂ ಗಾಡಿ ಕಟ್ಟುವವರದ್ದೇ. ಒಬ್ಬ ಗಾಡಿಕಾರ ಕಟ್ಟಿದ್ದನ್ನು ಬಿಚ್ಚಿ ನೋಡಿದ ಇನ್ನೊಬ್ಬ ಗಾಡಿಕಾರನಿಗೆ ಗುಟ್ಟು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ತಿಂಗಳು ದಾಟಿ ಕೆಲವೇ ದಿನಗಳಲ್ಲಿ ನಕಲು ತಯಾರಾಗಿತ್ತು. ಹೆಸರು ಎಲ್.1. ಎಲ್ ಅಂದರೆ ಲೋನರ್. ಕದ್ದದ್ದನ್ನು ಮುಚ್ಚಿಡುವ ಗೋಜಿಗೂ ಅವರು ಹೋಗಲಿಲ್ಲ. ಎಂಜಿನ್ ಮಾತ್ರ ಮಿಲಾನಿನ ಇಸೊಟ್ಟಾ ಫ್ರಾಸ್ಕಿನಿಯದು. ಇಂಥವು ಸುಮಾರು 140 ಹೊರಬಂದವು.

ನಕಲಿನ ಬಗ್ಗೆ ಮೂಗು ಮುರಿಯುವವರಿದ್ದಾರೆ. ನಮಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಯುದ್ಧಕಾಲದಲ್ಲಿ ಮೊದಲಿಂದ ಕಲಿಯಲು ಹೊರಟಿದ್ದರೆ ಇಟಲಿಗೆ ಎರಡು ವರ್ಷ ಹಿಡಿಯುತ್ತಿತ್ತು. ನಕಲಿನಲ್ಲೇ ನಿಂತುಬಿಟ್ಟರೋ, ಅಲ್ಲಿಂದ ಮುಂದೆ ಹೋದರೋ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

ಅವರು ಏನನ್ನು ಕಲಿತರು ಎಂದು ತಿಳಿಯಬೇಕಾದರೆ ದೋಣಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡಬೇಕು. ಹಾರುದೋಣಿಯ ಅಡಿಭಾಗ ಸಾಮಾನ್ಯ ದೋಣಿಯಂತೆ ಮೂತಿಯಿಂದ ಬಾಲದವರೆಗೆ ಒಂದೇ ಓಟದಲ್ಲಿ ಸಾಗುವುದಿಲ್ಲ. ನಡುವೆ, ವಿಮಾನದ ತೂಕ ಕೂರುವ ಜಾಗಕ್ಕೆ ತುಸು ಹಿಂದೆ, ಅಡ್ಡಡ್ಡ ಒಂದು ಮೆಟ್ಟಿಲು. ಅಲ್ಲಿಗೆ ಒಡಲು ಗಕ್ಕನೆ ಕೆಲವು ಇಂಚು ಮೇಲಕ್ಕೆ ಸರಿಯುತ್ತದೆ. ನೋಡುವುದಕ್ಕೆ ಬಡಗಿ ಅರ್ಧಕ್ಕೆ ಬಿಟ್ಟ ಕೆಲಸದಂತಿರುವ ಈ ಮೆಟ್ಟಿಲಿನಲ್ಲೇ ಎಲ್ಲ ಮರ್ಮವೂ ಇದೆ. ವಿಮಾನ ನೀರಿನ ಮೇಲೆ ಓಡತೊಡಗಿದಾಗ ಮೊದಮೊದಲು ಒಡಲು ನೀರನ್ನು ಸೀಳುತ್ತ, ಭಾರಕ್ಕೆ ತಗ್ಗುತ್ತ, ದೊಡ್ಡ ಅಲೆಯೆಬ್ಬಿಸುತ್ತ ಹೋಗುತ್ತದೆ. ವೇಗ ಏರಿದಂತೆ ಮೆಟ್ಟಿಲಿನ ಮುಂದಿನ ಭಾಗ ನೀರಿನ ಮೇಲಕ್ಕೆ ಏರಿ ಕೂರುತ್ತದೆ. ಕೆರೆಯ ಮೇಲೆ ಹುಡುಗರು ಬೀಸಿ ಎಸೆದ ಚಪ್ಪಟೆ ಬಿಲ್ಲೆಕಲ್ಲಿನ ಹಾಗೆ ಅದು ಈಗ ನೀರನ್ನು ಸವರಿಕೊಂಡು ಜಾರುತ್ತದೆ. ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಿ, ಹಿಂಭಾಗಕ್ಕೆ ಅಂಟಿಕೊಂಡಿದ್ದ ನೀರು ಬಿಟ್ಟುಕೊಳ್ಳುತ್ತದೆ. ಆ ಮೆಟ್ಟಿಲು ಇಲ್ಲದಿದ್ದರೆ ನೀರು ಬಾಲವನ್ನು ಹಿಡಿದೆಳೆಯುತ್ತದೆ. ಚಾಲಕ ಎಷ್ಟೇ ಮೂತಿ ಎತ್ತಿದರೂ ವಿಮಾನ ಬಿಡಿಸಿಕೊಳ್ಳುವುದಿಲ್ಲ. ಮೆಟ್ಟಿಲನ್ನು ಸ್ವಲ್ಪ ಮುಂದಿಟ್ಟರೆ ವಿಮಾನ ಕುಪ್ಪಳಿಸುತ್ತದೆ, ಹಿಂದಿಟ್ಟರೆ ಏಳುವುದಿಲ್ಲ. ಇದನ್ನೆಲ್ಲ ಕಾಗದದ ಮೇಲೆ ಲೆಕ್ಕ ಹಾಕಿ ತಿಳಿಯುವ ಕಾಲ ಇನ್ನೂ ಬಂದಿರಲಿಲ್ಲ. ಕಣ್ಣಳತೆ, ಕೈಯಳತೆ, ಮುರಿದುಬಿದ್ದ ಹಿಂದಿನ ದೋಣಿಯ ಅನುಭವ, ಇಷ್ಟೇ. ಎಲ್.40ರ ಜೊತೆ ಇಟಲಿಯವರ ಕೈಗೆ ಸಿಕ್ಕಿದ್ದು ಆ ಅನುಭವ.

ವರೇಸೆಯವರಿಗೆ ಸರೋವರವೂ ಕೈಗೆಟುಕುವ ದೂರದಲ್ಲಿತ್ತು. ಎಲ್.1 ಬೇಗ ಎಲ್.2 ಆಯಿತು, 1916ರಲ್ಲಿ ಎಲ್.3 ಬಂತು. ಇಷ್ಟರಲ್ಲಿ ಲೋನರ್‌ನ ನೆರಳು ಬಹುಮಟ್ಟಿಗೆ ಕಳಚಿತ್ತು, ಹೆಸರನ್ನೂ ಎಂ.3 ಎಂದು ಬದಲಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಅದು 41 ನಿಮಿಷದಲ್ಲಿ 5,400 ಮೀಟರ್ ಎತ್ತರಕ್ಕೇರಿ ಜಲವಿಮಾನಗಳಲ್ಲಿ ದಾಖಲೆ ಮಾಡಿತು. ಆದರೂ ಇದು ಇಬ್ಬರು ಕೂರುವ ಕಾವಲು ದೋಣಿಯೇ.

ಕಾದಾಟಕ್ಕೆಂದೇ ದೋಣಿ ಬೇಕು ಎಂಬ ಒತ್ತಡ ಬಂದದ್ದು ಎದುರುದಡದಿಂದ. ಟ್ರಿಯೆಸ್ಟ್ ನೆಲೆಯ ಮುಖ್ಯಸ್ಥ ಗಾಟ್‌ಫ್ರೀಡ್ ಫಾನ್ ಬಾನ್‌ಫೀಲ್ಡ್ ಲೋನರ್ ಹಾರುದೋಣಿಯಲ್ಲಿ ಏರಿ ಇಟಲಿಯ, ಫ್ರಾನ್ಸಿನ ನಿಧಾನದ ದೋಣಿಗಳನ್ನು ಒಂದೊಂದಾಗಿ ಉರುಳಿಸುತ್ತಿದ್ದ. ಅವನಿಗೆ ಅಧಿಕೃತವಾಗಿ ದಕ್ಕಿದ ಗೆಲುವು ಒಂಬತ್ತು, ಜನ ಅವನನ್ನು ಟ್ರಿಯೆಸ್ಟಿನ ಗರುಡ ಎಂದು ಕರೆದರು. 1916ರಲ್ಲಿ ಎರ್ನ್‌ಸ್ಟ್ ಹೈಂಕೆಲ್ ಹಾನ್ಸಾ-ಬ್ರಾಂಡೆನ್‌ಬುರ್ಗ್ ಕಂಪನಿಗೆ ಒಬ್ಬರೇ ಕೂರುವ ಕಾದಾಟದ ದೋಣಿಯೊಂದನ್ನು ರೂಪಿಸಿದ. ಹೆಸರು ಸಿ.ಸಿ. ಕಂಪನಿಯ ಧಣಿ ಕಮಿಲ್ಲೊ ಕಸ್ಟಿಲಿಯೋನಿಯ ಹೆಸರಿನ ಮೊದಲಕ್ಷರಗಳು ಅವು; ಧಣಿ ಹುಟ್ಟಿದ್ದು ಟ್ರಿಯೆಸ್ಟಿನಲ್ಲೇ. ಚಿಕ್ಕ ಮೈಕಟ್ಟು, ರೆಕ್ಕೆಗಳ ನಡುವೆ ತಂತಿಗಳ ಬದಲು ನಕ್ಷತ್ರದಂತೆ ಕೂಡುವ ಊರೆಗಂಬಗಳು, ಗಂಟೆಗೆ 175 ಕಿಲೋಮೀಟರಿನಷ್ಟು ವೇಗ. ತಯಾರಾದದ್ದು ಕೆಲವು ಡಜನ್ ಮಾತ್ರ. ಆದರೆ ಹಾರುದೋಣಿ ಫೈಟರ್ ಆಗಬಲ್ಲದು ಎಂಬುದು ಅದರಿಂದ ಸಾಬೀತಾಯಿತು.

ಮಾಕ್ಕಿಯ ಉತ್ತರ ಎಂ.5. ಫೆಲಿಚೆ ಬುತ್ಸಿಯೊ ಮತ್ತು ಲುಯಿಜಿ ಕಲ್ಜವಾರಾ ಎಂಬ ಎಂಜಿನಿಯರುಗಳು ಅದನ್ನು ರೂಪಿಸಿದರು. 1917ರಲ್ಲಿ ಪಡೆಗೆ ಸೇರಿತು. ಅವರ ಜಾಣ್ಮೆ ಇದ್ದದ್ದು ಹೊಸದನ್ನು ಕಂಡುಹಿಡಿದದ್ದರಲ್ಲಿ ಅಲ್ಲ, ಕೈಯಲ್ಲಿದ್ದದ್ದನ್ನು ಹೊಂದಿಸಿದ್ದರಲ್ಲಿ. ಅದೇ ಕಾರ್ಖಾನೆ ಪರವಾನಗಿ ಪಡೆದು ಫ್ರಾನ್ಸಿನ ನ್ಯೂಪೋರ್ 11 ಫೈಟರುಗಳನ್ನೂ ಕಟ್ಟುತ್ತಿತ್ತು. ಮೇಲಿನ ರೆಕ್ಕೆ ಅಗಲ, ಕೆಳಗಿನದು ಸಣಕಲು, ಎರಡರ ನಡುವೆ ವಿ ಆಕಾರದ ಊರೆ. ಕೆಳಗಿನ ನೋಟ ಸಲೀಸು, ತಿರುಗುವುದು ಚುರುಕು. ಆ ರೆಕ್ಕೆಯ ವಿನ್ಯಾಸವನ್ನು ತಂದು ಲೋನರ್‌ನಿಂದ ಕಲಿತ, ತಿದ್ದಿ ತೆಳ್ಳಗೆ ಮಾಡಿದ ಒಡಲಿಗೆ ಕೂರಿಸಿದರು. ನಡುವೆ ಆರು ಸಿಲಿಂಡರಿನ, 160 ಅಶ್ವಶಕ್ತಿಯ ಇಸೊಟ್ಟಾ ಎಂಜಿನ್ ತೂಗುಹಾಕಿದರು. ವಿಯೆನ್ನಾದ ಹೊಟ್ಟೆ, ಪ್ಯಾರಿಸಿನ ರೆಕ್ಕೆ, ಮಿಲಾನಿನ ಎದೆ. ತುಂಬಿದ ತೂಕ ಒಂದು ಟನ್ನಿಗೆ ಸ್ವಲ್ಪ ಕಡಿಮೆ. ವೇಗ ಗಂಟೆಗೆ 189 ಕಿಲೋಮೀಟರ್, 4,000 ಮೀಟರ್ ಏರಲು 20 ನಿಮಿಷ. ಎರಡು ವರ್ಷದ ಹಿಂದೆ ಸಿಕ್ಕಿದ್ದ ಲೋನರ್‌ಗೆ ಹೋಲಿಸಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ. ನಕಲಿನಲ್ಲೇ ನಿಂತರೋ ಎಂಬ ಪ್ರಶ್ನೆಗೆ ಇಷ್ಟು ಸಾಕು.

ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳಬೇಕು. ಪ್ರೊಪೆಲರ್ ಹಿಂದಿರುವುದರಿಂದ ಮೂತಿಯಲ್ಲಿ ಕೂತ ಚಾಲಕನ ಮುಂದೆ ಬಯಲೋ ಬಯಲು. ಎರಡು ಮೆಷಿನ್‌ಗನ್ನುಗಳು ನೇರ ಮುಂದಕ್ಕೆ ಹೊಡೆಯುತ್ತಿದ್ದವು. ನೆಲದ ಫೈಟರುಗಳವರು ತಿರುಗುವ ಪ್ರೊಪೆಲರಿನ ಅಲಗುಗಳ ನಡುವಿನಿಂದ ಗುಂಡು ಹಾಯಿಸುವ ಉಪಾಯಕ್ಕಾಗಿ ತಲೆಕೆಡಿಸಿಕೊಂಡು, ಅದಕ್ಕೊಂದು ಸೂಕ್ಷ್ಮ ಯಂತ್ರ ಕಟ್ಟಿಕೊಳ್ಳಬೇಕಾಯಿತು, ಎಂ.5ಕ್ಕೆ ಆ ಕಾಟವೇ ಇರಲಿಲ್ಲ. ಆದರೆ ಬೆನ್ನ ಹಿಂದೆ ಎಂಜಿನ್, ರೇಡಿಯೇಟರ್, ಪ್ರೊಪೆಲರ್‌ಗಳ ಗೋಡೆ. ಹಿಂದಿನಿಂದ ಬರುವವನು ಕಾಣುವುದಿಲ್ಲ, ಫೈಟರಿಗೆ ಸಾವು ಬರುವುದು ಸಾಮಾನ್ಯವಾಗಿ ಹಿಂದಿನಿಂದಲೇ. ಎಂಜಿನ್ ಅಷ್ಟು ಎತ್ತರದಲ್ಲಿರುವುದರಿಂದ ಥ್ರಾಟಲ್ ಒತ್ತಿದಾಗ ಅದು ವಿಮಾನದ ಮೂತಿಯನ್ನು ಕೆಳಕ್ಕೆ ನೂಕುತ್ತಿತ್ತು, ತೆಗೆದಾಗ ಮೂತಿ ಮೇಲೇಳುತ್ತಿತ್ತು. ಹೊಸ ಚಾಲಕನಿಗೆ ಇದು ತಿರುವುಮುರುವು. ಮರದ ಒಡಲು ನೀರು ಹೀರಿ ತೂಕ ಏರಿಸಿಕೊಳ್ಳುತ್ತಿತ್ತು. ಮತ್ತು ವಿಮಾನ ಮೂತಿ ಮುಂದಾಗಿ ಅಪ್ಪಳಿಸಿದರೆ ಆ ಭಾರದ ಎಂಜಿನ್ ಕಿತ್ತುಕೊಂಡು ಬರುತ್ತಿದ್ದದ್ದು ಚಾಲಕನ ತಲೆಯ ಮೇಲೆ.

ಇಷ್ಟೆಲ್ಲ ಇದ್ದೂ 1918ರ ಹೊತ್ತಿಗೆ ಇಟಲಿಯ ಐದು ನೌಕಾ ಸ್ಕ್ವಾಡ್ರನ್ನುಗಳಲ್ಲಿ ಎಂ.5 ಇತ್ತು. ವೆನಿಸಿನಿಂದ ಎಂ.5 ಹಾರಿಸುತ್ತಿದ್ದ ಒರಾತ್ಸಿಯೊ ಪಿಯೆರೋತ್ಸಿ ಏಳು ಗೆಲುವು ಪಡೆದು ಇಟಲಿಯ ಜಲವಿಮಾನ ಚಾಲಕರಲ್ಲಿ ಮೊದಲಿಗನೆನಿಸಿಕೊಂಡ. ಫೆಡೆರಿಕೊ ಮಾರ್ಟಿನೆಂಗೊ ಮತ್ತು ಉಂಬೆರ್ಟೊ ಕಲ್ವೆಲ್ಲೊ ಐದೈದು ಗೆಲುವಿನವರು. ಪಶ್ಚಿಮ ರಂಗದ ಹೆಸರಾಂತರ ಲೆಕ್ಕದ ಮುಂದೆ ಇವು ಸಣ್ಣ ಸಂಖ್ಯೆಗಳು, ನಿಜ. ಅಲ್ಲಿ ನೂರಾರು ವಿಮಾನಗಳು ಪ್ರತಿದಿನ ಒಂದೇ ಕಣದಲ್ಲಿ ಸೇರುತ್ತಿದ್ದವು. ಇಲ್ಲಿ ಶತ್ರು ಕಾಣಬೇಕಾದರೆ ತಾಸುಗಟ್ಟಲೆ ನೀರಿನ ಮೇಲೆ ಅಲೆಯಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ.

1918ರ ಜುಲೈನಲ್ಲಿ ಅಮೆರಿಕದ ನೌಕಾಪಡೆ ಏಡ್ರಿಯಾಟಿಕ್‌ಗೆ ಬಂತು. ಮೂರು ವರ್ಷದ ಹಿಂದೆ ಎಲ್.40 ಸಿಕ್ಕಿಬಿದ್ದಿದ್ದ ಪೋರ್ಟೊ ಕೊರ್ಸಿನಿಯಲ್ಲೇ ಅವರ ನೆಲೆ. ವಿಮಾನ ಏಳಲು ಇಳಿಯಲು ಅಲ್ಲಿದ್ದದ್ದು ಇಕ್ಕಟ್ಟಾದ ಕಾಲುವೆ. ಮುಖ್ಯಸ್ಥ ವಿಲ್ಲಿಸ್ ಹ್ಯಾವಿಲ್ಯಾಂಡ್, ಫ್ರಾನ್ಸಿನ ಪರ ಲಫಾಯೆಟ್ ಎಸ್ಕಾಡ್ರಿಲ್‌ನಲ್ಲಿ ಹಾರಿ ಬಂದವನು. ವಿಮಾನಗಳು ಇಟಲಿಯವು, ಎಂ.5ಗಳೂ ಅವುಗಳಲ್ಲಿದ್ದವು. ಆಗಸ್ಟ್ 21ರಂದು ಅವರ ಗುಂಪೊಂದು ಕರಪತ್ರ ಎಸೆಯಲು ಪೋಲಾದ ಮೇಲೆ ಹೋಯಿತು. ಆಸ್ಟ್ರಿಯಾದ ಫೈಟರುಗಳು ಮೇಲೆದ್ದು ಬಂದವು. ಕಾದಾಟದಲ್ಲಿ ಜಾರ್ಜ್ ಲಡ್ಲೊನ ಎಂ.5ಕ್ಕೆ ಗುಂಡು ತಗುಲಿತು. ಅವನು ಹೇಗೋ ಸಂಭಾಳಿಸಿಕೊಂಡು ಪೋಲಾದ ಹೊರಗೆ ಎಂಟು ಕಿಲೋಮೀಟರಿನಷ್ಟು ದೂರದಲ್ಲಿ ನೀರಿಗಿಳಿಸಿದ.

ಶತ್ರುವಿನ ದೊಡ್ಡ ಬಂದರಿನ ಬಾಗಿಲಲ್ಲೇ ತೇಲುತ್ತಿದ್ದ ಅವನನ್ನು ಚಾರ್ಲ್ಸ್ ಹ್ಯಾಮನ್ ಮೇಲಿನಿಂದ ನೋಡಿದ. ಹ್ಯಾಮನ್ ಬಾಲ್ಟಿಮೋರಿನ ಹುಡುಗ, ವಯಸ್ಸು 26. ಅವನ ವಿಮಾನಕ್ಕೂ ಗುಂಡೇಟು ಬಿದ್ದಿತ್ತು, ಅಲೆ ಜೋರಿತ್ತು, ವೈರಿಯ ವಿಮಾನ ಇನ್ನೊಮ್ಮೆ ಯಾವಾಗ ಬೇಕಾದರೂ ಬರಬಹುದಿತ್ತು. ಅವನು ಇಳಿದು ಲಡ್ಲೊನ ಪಕ್ಕಕ್ಕೆ ಬಂದ. ಲಡ್ಲೊ ತನ್ನ ವಿಮಾನ ಶತ್ರುವಿಗೆ ದಕ್ಕದಂತೆ ಒದ್ದು ತೂತು ಮಾಡಿ ಹ್ಯಾಮನ್‌ನ ಎಂ.5ಕ್ಕೆ ದಾಟಿಕೊಂಡ. ಆದರೆ ಕೂರುವುದೆಲ್ಲಿ? ಅದು ಒಬ್ಬನಿಗಾಗಿ ಅಳೆದು ಕಟ್ಟಿದ ವಿಮಾನ. ಚಾಲಕನ ಹಿಂದೆ, ಎಂಜಿನ್ನಿನ ಕೆಳಗೆ, ಊರೆಗಂಬಗಳನ್ನು ತಬ್ಬಿ ಹಿಡಿದು ಒಡಲಿನ ಮೇಲೆಯೇ ಕುಕ್ಕರಿಸಿದ. ತಲೆಯ ಹಿಂದೆಯೇ ಪ್ರೊಪೆಲರ್ ಗಿರ್ರನೆ ತಿರುಗುತ್ತಿದೆ. ತುಂಬಿದ ತೂಕವೇ ಒಂದು ಟನ್ನು ಮುಟ್ಟದ ವಿಮಾನಕ್ಕೆ ಇನ್ನೊಬ್ಬ ಆಳಿನ ಭಾರ ಎಂದರೆ ಸಣ್ಣದಲ್ಲ. ಅಲೆಗಳಿಗೆ ಬಡಿದುಕೊಳ್ಳುತ್ತ ಓಡಿ ಕೊನೆಗೂ ಅದು ಮೇಲೆದ್ದಿತು. ಏಡ್ರಿಯಾಟಿಕ್ ದಾಟಿ ಪೋರ್ಟೊ ಕೊರ್ಸಿನಿಗೆ ಬಂದು ಇಳಿಯುವಾಗ, ಪೆಟ್ಟು ತಿಂದ ಮೂತಿ ತಡೆಯದೆ ಕಾಲುವೆಯಲ್ಲಿ ಮಗುಚಿಕೊಂಡಿತು. ಇಬ್ಬರೂ ಬದುಕಿದರು. ಹ್ಯಾಮನ್‌ಗೆ ಮೆಡಲ್ ಆಫ್ ಆನರ್ ಬಂತು. ಅಮೆರಿಕದ ನೌಕಾ ವಿಮಾನಚಾಲಕರಲ್ಲಿ ಅದನ್ನು ಪಡೆದವರಲ್ಲಿ ಅವನೇ ಮೊದಲಿಗ.

ಬೇರೆ ಯಾವ ಫೈಟರಿನಿಂದ ಇದು ಸಾಧ್ಯವಿತ್ತು? ಆ ಕಾಲದ ಅತಿ ವೇಗದ ಸ್ಪ್ಯಾಡ್ ಆಗಲಿ, ಕ್ಯಾಮೆಲ್ ಆಗಲಿ ಮೇಲೆ ಸುತ್ತು ಹಾಕಿ ಕೈ ಬೀಸಿ ಹೋಗಬಹುದಿತ್ತಷ್ಟೆ. ಆದರೆ ಜಮಾದ ಪಕ್ಕದಲ್ಲೇ ಖರ್ಚೂ ಇದೆ. 1919ರ ಜೂನ್ 14ರಂದು ವರ್ಜೀನಿಯಾದ ಲ್ಯಾಂಗ್ಲಿ ಫೀಲ್ಡ್‌ನಲ್ಲಿ ಹ್ಯಾಮನ್ ಸತ್ತ. ಅಪಘಾತಕ್ಕೀಡಾದದ್ದು ಅವನು ಹಾರಿಸುತ್ತಿದ್ದ ಎಂ.5. ಪಿಯೆರೋತ್ಸಿಯೂ ಅದೇ ವರ್ಷ ವಿಮಾನ ಅಪಘಾತದಲ್ಲಿ ತೀರಿಕೊಂಡ. ಬಾನ್‌ಫೀಲ್ಡ್ ಮಾತ್ರ ಬದುಕಿ ಬಾಳಿದ. ಟ್ರಿಯೆಸ್ಟಿನಲ್ಲೇ ಮುಳುಗಿದ ಹಡಗುಗಳನ್ನು ಎತ್ತುವ ಉದ್ಯೋಗ ಹಿಡಿದು, 96ನೇ ವಯಸ್ಸಿನಲ್ಲಿ, 1986ರಲ್ಲಿ ತೀರಿಕೊಂಡ.

ಎಂ.5ರ ಮುಂದಿನ ಹೆಜ್ಜೆ ಎಂ.7. ಅಲೆಸ್ಸಾಂಡ್ರೊ ಟೊನಿನಿಯ ಕೈಯಲ್ಲಿ ಅದು ಇನ್ನಷ್ಟು ಬಿಗಿಯಾಯಿತು. 250 ಅಶ್ವಶಕ್ತಿಯ ಎಂಜಿನ್, ಗಂಟೆಗೆ 210 ಕಿಲೋಮೀಟರ್. ಆದರೆ ಅದು ಬರುವಷ್ಟರಲ್ಲಿ ಯುದ್ಧ ಮುಗಿಯಿತು. ಯುದ್ಧ ಮಾತ್ರವಲ್ಲ, ಶತ್ರುವೇ ಮಾಯವಾದ. 1918ರ ಅಕ್ಟೋಬರ್-ನವೆಂಬರಿನಲ್ಲಿ ಆಸ್ಟ್ರಿಯಾ-ಹಂಗೇರಿ ಚೂರುಚೂರಾಯಿತು. ಟ್ರಿಯೆಸ್ಟ್, ಪೋಲಾ ಎರಡೂ ಇಟಲಿಗೆ ಬಂದವು. ಎದುರುದಡದಿಂದ ಯಾರೂ ಬರುವುದಿಲ್ಲವೆಂದ ಮೇಲೆ ಕಾವಲಿನ ದೋಣಿಗೇನು ಕೆಲಸ? ಎಂ.7 ಮುಂದೆ ಇಟಲಿಯಲ್ಲಿ ಕೆಲವು ವರ್ಷ ನಡೆಯಿತು, ಬೇರೆ ದೇಶಗಳೂ ಕೆಲವನ್ನು ಕೊಂಡವು. ಸ್ವೀಡನ್ ಕೊಂಡವುಗಳಲ್ಲಿ ಒಂದು ಆ ದೇಶದ ವಾಯುಪಡೆ ಸಂಗ್ರಹಾಲಯದಲ್ಲಿ ಈಗಲೂ ಇದೆ.

ಇದಕ್ಕೂ ಮೊದಲೇ ನೆಲದ ವಿಮಾನಗಳು ಒಳನುಗ್ಗತೊಡಗಿದ್ದವು. ಆಸ್ಟ್ರಿಯಾದ ನೌಕಾಪಡೆಯೇ ಕೊನೆಯ ವರ್ಷ ಫೀನಿಕ್ಸ್ ಕಂಪನಿಯ ಚಕ್ರದ ಫೈಟರುಗಳನ್ನು ತರಿಸಿಕೊಂಡಿತು. ಬ್ರಿಟನ್ನಿನಲ್ಲಿ ಸೂಪರ್‌ಮರೀನ್ ಕಂಪನಿ 1918ರ ಫೆಬ್ರವರಿಯಲ್ಲಿ ಎನ್.1ಬಿ ಬೇಬಿ ಎಂಬ ಒಬ್ಬರ ಹಾರುದೋಣಿ ಫೈಟರನ್ನು ಹಾರಿಸಿತು. ಚೆನ್ನಾಗಿಯೇ ಹಾರಿತು. ಆದರೆ ಸಾಪ್‌ವಿತ್‌ನ ಪಪ್, ಕ್ಯಾಮೆಲ್‌ಗಳು ಹಡಗಿನ ಮೇಲಿಂದಲೇ ಏಳುವುದನ್ನು ಕಲಿತಿದ್ದರಿಂದ ನೌಕಾಪಡೆ ಆ ಯೋಜನೆಯನ್ನು ಕೈಬಿಟ್ಟಿತು. ಚಕ್ರದ ವಿಮಾನಕ್ಕೆ ನೆಲ ಬೇಕು ಎಂಬ ಕೊರತೆಯನ್ನು ಹಡಗಿನ ಮೇಲೆ ನೆಲ ಕಟ್ಟಿ ನೀಗಿಸಿಬಿಟ್ಟಿದ್ದರು.

ಕೆಲಸ ಕಳೆದುಕೊಂಡ ಫೈಟರ್ ದೋಣಿಗಳು ಪಂದ್ಯದ ಕಣಕ್ಕೆ ಹೋದವು. ಜಲವಿಮಾನಗಳ ವೇಗದ ಪಂದ್ಯವಾದ ಶ್ನೈಡರ್ ಟ್ರೋಫಿಯನ್ನು 1921ರಲ್ಲಿ ವೆನಿಸ್‌ನಲ್ಲಿ ಜೊವಾನ್ನಿ ದೆ ಬ್ರಿಗಾಂತಿ ಗೆದ್ದದ್ದು ಎಂ.7ರ ಪಂದ್ಯದ ರೂಪದಲ್ಲಿ, ಗಂಟೆಗೆ 189 ಕಿಲೋಮೀಟರಿನ ಮೇಲಿನ ಸರಾಸರಿಯಲ್ಲಿ. ಮರುವರ್ಷ ನೇಪಲ್ಸ್‌ನಲ್ಲಿ ಸೂಪರ್‌ಮರೀನ್ ಸೀ ಲಯನ್ 2 ಅದನ್ನು ಕಸಿದುಕೊಂಡಿತು. ಅದು ಸೇನೆ ಬೇಡವೆಂದ ಬೇಬಿಯ ಮೊಮ್ಮಗು, ರೂಪಿಸಿದವನು ಮುಂದೆ ಸ್ಪಿಟ್‌ಫೈರ್ ಮಾಡಿದ ಆರ್.ಜೆ. ಮಿಚೆಲ್. ಆದರೆ 1923ರಲ್ಲಿ ಅಮೆರಿಕದ ಕರ್ಟಿಸ್ ವಿಮಾನಗಳು ಬಂದವು. ಇವಕ್ಕೆ ದೋಣಿಯ ಒಡಲಿಲ್ಲ. ಸಪೂರ ಮೈಯ ಕೆಳಗೆ ಎರಡು ತೆಪ್ಪ, ಎಂಜಿನ್ ಮೂತಿಯೊಳಗೆ ಅಡಕ. ಹಾರುದೋಣಿಯ ಒಡಲು ನೀರಿಗೆ ಬೇಕಾದಷ್ಟು ಅಗಲವಿರಲೇಬೇಕು, ಎಂಜಿನ್ ತುಂತುರು ತಾಗದಷ್ಟು ಮೇಲಿರಲೇಬೇಕು. ಇವೆರಡೂ ಗಾಳಿಗೆ ಅಡ್ಡ ನಿಲ್ಲುತ್ತವೆ. ಎಂಜಿನ್ನಿನ ಶಕ್ತಿ ಏರಿದಷ್ಟೂ ಆ ದಂಡ ಏರುತ್ತದೆ.

ಮಾಕ್ಕಿಯವರು 1925ರಲ್ಲಿ ಎಂ.33 ಎಂಬ ಒಂಟಿ ರೆಕ್ಕೆಯ ಅತ್ಯಂತ ಚೆಂದದ ಹಾರುದೋಣಿ ಕಟ್ಟಿ ಕೊನೆಯ ಪ್ರಯತ್ನ ಮಾಡಿದರು. ಮಿಯಾಜಾಕಿಯ ಕೆಂಪು ವಿಮಾನಕ್ಕೆ ಮೂಲ ಇದೇ. ಹ್ಯಾಮನ್‌ನ ಊರಾದ ಬಾಲ್ಟಿಮೋರಿನಲ್ಲಿ ನಡೆದ ಆ ವರ್ಷದ ಪಂದ್ಯದಲ್ಲಿ ದೆ ಬ್ರಿಗಾಂತಿ ಅದನ್ನು ಹಾರಿಸಿ ಮೂರನೆಯವನಾದ. ಗೆದ್ದ ಜಿಮ್ಮಿ ಡೂಲಿಟಲ್‌ಗಿಂತ ಗಂಟೆಗೆ ನೂರು ಕಿಲೋಮೀಟರ್ ಹಿಂದೆ. ಮಾಕ್ಕಿಯವರು ಹಟ ಹಿಡಿಯಲಿಲ್ಲ. ಮರುವರ್ಷವೇ ಮಾರಿಯೊ ಕಸ್ಟೋಲ್ಡಿ ತೆಪ್ಪದ ಮೇಲೆ ಕಟ್ಟಿದ ಎಂ.39ರಿಂದ ಟ್ರೋಫಿ ಗೆದ್ದರು. ಹತ್ತು ವರ್ಷ ಬೆಳೆಸಿದ ವಿದ್ಯೆಯನ್ನು ಒಂದೇ ವರ್ಷದಲ್ಲಿ ಬದಿಗಿಡಲು ಧೈರ್ಯ ಬೇಕು. ಈ ಕಾರ್ಖಾನೆಯ ಬಗ್ಗೆ ನಮಗಿರುವ ಗೌರವ ಎಂ.5ಕ್ಕಿಂತ ಹೆಚ್ಚಾಗಿ ಈ ನಿರ್ಧಾರಕ್ಕೆ ಸಲ್ಲಬೇಕು.

ದೊಡ್ಡ ಹಾರುದೋಣಿಗಳ ಕಥೆ ಬೇರೆ. ಗಸ್ತಿಗೆ, ಸಾಗಣೆಗೆ, ಕಡಲಲ್ಲಿ ಬಿದ್ದವರನ್ನು ಎತ್ತುವುದಕ್ಕೆ ಅವು ಇನ್ನೂ ಎರಡು ದಶಕ ಬೇಕಾಗಿದ್ದವು. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ರಿಪೇರಿಗೆಂದು ಬರುತ್ತಿದ್ದ ಅಮೆರಿಕನ್ ಕ್ಯಾಟಲಿನಾಗಳು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. 

ಫೈಟರಿನ ಕನಸು ಮಾತ್ರ ಮತ್ತೆರಡು ಸಲ ಎದ್ದಿತು. ಜಪಾನಿನ ವಿರುದ್ಧ ಪೆಸಿಫಿಕ್ ದ್ವೀಪಗಳಲ್ಲಿ ಕಾದಾಡಲು ರನ್‌ವೇ ಇಲ್ಲದ ಕಡೆ ಜೆಟ್ ಹಾರುದೋಣಿ ಬೇಕೆಂದು ಬ್ರಿಟನ್ನಿನ ಸಾಂಡರ್ಸ್-ರೋ ಕಂಪನಿ ಹೊರಟಿತು. ಅಷ್ಟರಲ್ಲಿ ಅಮೆರಿಕನ್ನರು ಹವಳದ ದ್ವೀಪಗಳನ್ನೇ ಸಮ ಮಾಡಿ ರನ್‌ವೇ ಹಾಸಿದ್ದರು, ಯುದ್ಧವೂ ಮುಗಿದಿತ್ತು. ಸಾಂಡರ್ಸ್-ರೋ ಕಟ್ಟಿದ ಎಸ್‌ಆರ್.ಎ/1 ಮೊದಲು ಹಾರಿದ್ದು 1947ರ ಜುಲೈನಲ್ಲಿ. ಗಂಟೆಗೆ 800 ಕಿಲೋಮೀಟರ್ ದಾಟಿತು, ನೀರಿನ ಮೇಲೂ ಸಲೀಸಾಗಿತ್ತು, ಆದರೆ ಅದು ಬೇಕು ಎನ್ನುವವರು ಯಾರೂ ಇರಲಿಲ್ಲ. ಕಟ್ಟಿದ ಮೂರರಲ್ಲಿ ಎರಡು 1949ರಲ್ಲಿ ನಾಶವಾದವು. ಒಂದನ್ನು ಇಳಿಸುವಾಗ ತೇಲುತ್ತಿದ್ದ ವಸ್ತುವೊಂದಕ್ಕೆ ಬಡಿದು ಹೆಸರಾಂತ ಪರೀಕ್ಷಾ ಚಾಲಕ ಎರಿಕ್ ಬ್ರೌನ್ ಕೂದಲೆಳೆಯಲ್ಲಿ ಪಾರಾದ. ಅಮೆರಿಕದ ಕಾನ್ವೇರ್ ಸೀ ಡಾರ್ಟ್ ನೀರಿನ ಮೇಲೆ ಜಾರುಹಲಗೆಯಲ್ಲಿ ಓಡಿ ಏಳುತ್ತಿತ್ತು. 1954ರಲ್ಲಿ ಶಬ್ದದ ವೇಗವನ್ನೂ ಮೀರಿತು, ಅದೇ ವರ್ಷ ಪ್ರದರ್ಶನದ ವೇಳೆ ಒಂದು ಗಾಳಿಯಲ್ಲೇ ಚೂರಾಗಿ ಚಾಲಕ ಸತ್ತ. ಎರಡೂ ಯೋಜನೆಗಳಲ್ಲಿ ಎಂಜಿನಿಯರಿಂಗ್ ಕೊರತೆ ಇರಲಿಲ್ಲ. ಎಂ.5ರ ಹಿಂದೆ ಇದ್ದಂಥ ಕಿರಿದಾದ ಸಮುದ್ರ, ಎದುರುದಡದ ಶತ್ರು, ಬೇರೆ ಉಪಾಯವಿಲ್ಲದ ಪರಿಸ್ಥಿತಿ ಇವುಗಳ ಹಿಂದೆ ಇರಲಿಲ್ಲ.

ಎಸ್‌ಆರ್.ಎ/1ರಲ್ಲಿ ಉಳಿದ ಒಂದೇ ಒಂದು ವಿಮಾನ ಈಗ ಸೌತಾಂಪ್ಟನ್‌ನ ಸಂಗ್ರಹಾಲಯದಲ್ಲಿದೆ. ಅದರಿಂದ ಬಿಚ್ಚಿದ ಬೆರಿಲ್ ಜೆಟ್ ಎಂಜಿನ್ ಡೊನಾಲ್ಡ್ ಕ್ಯಾಂಬೆಲ್‌ನ ‘ಬ್ಲೂಬರ್ಡ್’ ದೋಣಿಗೆ ಹೋಯಿತು. 1955ರಲ್ಲಿ ಆ ದೋಣಿ ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದಲ್ಲಿ ಗಂಟೆಗೆ 325 ಕಿಲೋಮೀಟರ್ ವೇಗದಲ್ಲಿ ಓಡಿ ನೀರಿನ ಮೇಲಿನ ವೇಗದ ವಿಶ್ವದಾಖಲೆ ಬರೆಯಿತು.